ದಡದಲ್ಲಿ ಕೊಕ್ಕೆ, ದೋಣಿಯಲ್ಲಿ ಬಳೆ

ಕಾಪುವಿನಿಂದ ಬೆಳಗಿನ ಬಸ್ಸಿಗೆ ಹೊರಟೆ. ಯುದ್ಧದ ದಿನಗಳಾದ್ದರಿಂದ ಬಸ್ಸು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನಡೆದೆವು. ಹೆಂಗಸರು ಒಳಗೆ ಕುಳಿತು ನಮ್ಮನ್ನು ನೋಡಿ ನಕ್ಕರು. ನಮ್ಮ ಹಂಚಿನ ಕಾರ್ಖಾನೆಯ ಧಣಿಗಳು ಡೈನಮೋ ತರಿಸುವ ಆಲೋಚನೆಯಲ್ಲಿದ್ದರು. ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಮೋಟಾರನ್ನು ಬೇಕಾದಲ್ಲಿಗೆ ದೂಡಿಕೊಂಡು ಹೋಗಿ ದಪ್ಪ ಪ್ಲಗ್ಗಿನ ಮೂಲಕ ಕರೆಂಟು ಕೊಡುತ್ತಾರೆ ಎಂದು ಕೇಳಿ, ಅದನ್ನು ನೋಡಿ ಅಂಥ ಪ್ಲಗ್ಗಿನ ಎರಡೂ ಭಾಗ ಸೇರಿದ ಒಂದು ಜೋಡಿ ತರಲು ನನ್ನನ್ನು ಕಳಿಸಿದರು. ಆ ಮೋಟಾರನ್ನು ನೋಡಿಕೊಳ್ಳುವವರು ನನ್ನ ಅಕ್ಕನ ಗಂಡ, ಸಂಜೀವ ಭಾವ.

ಕೂಳೂರಿನಲ್ಲಿ ಹೊಳೆ ದಾಟಲು ಜಂಗಲ ಹತ್ತಿದೆವು. ಎರಡು ದೋಣಿಗಳ ಮೇಲೆ ಹಲಗೆ ಹಾಸಿದ್ದೇ ಜಂಗಲ. ಅದು ಆಚೆ ದಡಕ್ಕೆ ತಾಗಿದ ಕೂಡಲೇ ಅಲ್ಲಿನ ಕಂಬದಿಂದ ತೂಗುತ್ತಿದ್ದ ಕಬ್ಬಿಣದ ಕೊಕ್ಕೆಯನ್ನು ಎಳೆದು ಜಂಗಲದ ಬಳೆಗೆ ಸಿಕ್ಕಿಸಿದರು. ಭಾವನ ತಂದೆ ಇದೇ ಕಡವಿನಲ್ಲಿ ಕೊಕ್ಕೆ ಹಾಕುತ್ತಲೇ ಮುದುಕರಾದವರು. ಕೊಕ್ಕೆ ಯಾವಾಗಲೂ ದಡದಲ್ಲಿ, ಬಳೆ ಯಾವಾಗಲೂ ದೋಣಿಯಲ್ಲಿ. ಯಾವ ದೋಣಿ ಬಂದರೂ ಕಟ್ಟಬಹುದು. ಅಂದು ಅದನ್ನು ಸುಮ್ಮನೆ ನೋಡಿ ಇಳಿದೆ.

ಕಾರ್ಖಾನೆ ಬಂದರಿನಿಂದ ಸ್ವಲ್ಪ ಮೇಲೆ, ಹೊಳೆಯ ದಂಡೆಯಲ್ಲಿತ್ತು. ಆವೆಮಣ್ಣು ದೋಣಿಗಳಲ್ಲಿ ಬರುತ್ತಿತ್ತು. ಅದನ್ನು ಮೇಲಕ್ಕೆ ಎತ್ತುವ ಪಟ್ಟಿಯನ್ನು ತಿರುಗಿಸುವ ಮೋಟಾರು ನಾಲ್ಕು ಚಕ್ರದ ಗಾಡಿಯ ಮೇಲೆ. ದಂಡೆಯುದ್ದಕ್ಕೂ ಕಂಬಗಳು, ಪ್ರತಿ ಕಂಬದಿಂದ ತೋಳಿನಷ್ಟು ಕೇಬಲ್ ಇಳಿಬಿದ್ದು, ತುದಿಯಲ್ಲಿ ಜೋಡಿಯ ಒಂದು ಭಾಗ. ಇನ್ನೊಂದು ಭಾಗ ಮೋಟಾರಿನ ಕೇಬಲಿಗೆ. ಭಾವ ನನಗೆ ಬಿಚ್ಚಿ ತೋರಿಸಿದರು. ಎರಕದ ಕಬ್ಬಿಣದ ಕವಚ. ಒಂದರಲ್ಲಿ ಕಿರುಬೆರಳು ದಪ್ಪದ ಹಿತ್ತಾಳೆಯ ಕಡ್ಡಿಗಳು, ಇನ್ನೊಂದರಲ್ಲಿ ಅವು ಕೂರುವ ತೂತುಗಳು.

"ಸೇರಿಸಿ ತಿರುಪಿದರೆ ಆನೆ ಎಳೆದರೂ ಬಿಡುವುದಿಲ್ಲ ಮಾರಾಯ," ಎಂದರು. "ಕಂಪೆನಿಯ ವಯರ್‌ಮನ್ ಜ್ವರದಲ್ಲಿ ಮಲಗಿದ್ದ. ಇದೆಲ್ಲ ನಾನೇ ಕೂಡಿಸಿದ್ದು."

ಕಡ್ಡಿಗಳಿದ್ದ ಭಾಗ ಕಂಬದ ಕಡೆಗಿತ್ತು. ನಾನು ಅದನ್ನು ಕಂಡೆ. ಕಂಡದ್ದರ ಅರ್ಥ ಆಗ ತಿಳಿಯಲಿಲ್ಲ.

ಊಟದ ನಂತರ ಸಣ್ಣ ಮಳೆ ಬಂದು ನಿಂತಿತು. ಹೊಳೆ ಇಳಿಯತೊಡಗಿತ್ತು. ಉಳ್ಳಾಲದ ಹಸನಬ್ಬ ಎಂಬವರ ದೋಣಿ ಮಣ್ಣು ತುಂಬಿಕೊಂಡು ಮೊದಲ ಕಂಬದ ಹತ್ತಿರ ಕಾಯುತ್ತಿತ್ತು.

"ಸಂಜೀವಣ್ಣಾ, ನೀರು ಇಳಿದರೆ ನನ್ನ ದೋಣಿಗೆ ಕಾಲು ಬರ್ತದಾ? ಬೇಗ ಮಾಡಿ!"

"ನಿನ್ನ ಬಾಯಿಯ ಗಾಳಿಗೇ ದೋಣಿ ತೇಲ್ತದೆ, ಹೆದರಬೇಡ," ಎಂದರು ಭಾವ.

ಈ ಕಂಬದ ಹತ್ತಿರ ಮಣ್ಣಿನ ರಾಶಿ ತುಂಬಿದ್ದರಿಂದ ಮೋಟಾರನ್ನು ಆಚೆ ಕಂಬಕ್ಕೆ ದೂಡಿ ಅಲ್ಲಿ ಅವರ ಮಣ್ಣು ಎತ್ತಬೇಕಿತ್ತು. ನಾನು ಬಂದಾಗಿನಿಂದ ಪ್ರತಿ ಸಲವೂ ಭಾವ ಮೊದಲು ಶೆಡ್ಡಿನೊಳಗೆ ಹೋಗಿ ಆಯಾ ಕಂಬದ ಸ್ವಿಚ್ಚು ಇಳಿಸಿ, ಆಮೇಲೆ ಜೋಡಿ ಬಿಡಿಸುತ್ತಿದ್ದರು. ಈ ಸಲ ಶೆಡ್ಡಿಗೆ ಹೋಗಲಿಲ್ಲ. ನೇರವಾಗಿ ಬಿಡಿಸಿದರು. ಆಳುಗಳೊಂದಿಗೆ ಗಾಡಿ ದೂಡುತ್ತ ಆಚೆ ಹೋದರು. ಕಂಬದ ಕೇಬಲ್ ತೂಗುತ್ತ ಉಳಿಯಿತು; ಅದರ ತುದಿಯಲ್ಲಿ ಬರೀ ಕಡ್ಡಿಗಳು.

ಹಸನಬ್ಬ ದೋಣಿಯಿಂದ ಕೆಸರಿಗೆ ಇಳಿದರು. ದಾರಿಗೆ ಅಡ್ಡವಿದ್ದ ಅದನ್ನು, ಗಿಡದ ಕೊಂಬೆ ಸರಿಸುವ ಹಾಗೆ, ಕೈಯಿಂದ ಸರಿಸಿದರು. ಕೈ ಅಲ್ಲೇ ಅಂಟಿಕೊಂಡಿತು. ಕೂಗಲಿಲ್ಲ. ಇನ್ನೊಂದು ಕೈಯಲ್ಲಿದ್ದ ದೋಣಿ ದೂಡುವ ಜಲ್ಲೆ ಮಾತ್ರ ಕೆಸರನ್ನು ಬಡಿಯುತ್ತಿತ್ತು. ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಅವರ ಮುಖ ಕಂಡಿತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ, ಭಾವನಿಗೆ ಕೇಳಿಸಿತು. ಅವರು ತಿರುಗಿ ಶೆಡ್ಡಿಗೆ ಓಡಿ ಸ್ವಿಚ್ಚು ಇಳಿಸಿದರು. ಹಸನಬ್ಬ ಕೆಸರಿಗೆ ಬಿದ್ದರು.

ಉಸಿರಿರಲಿಲ್ಲ. ಎದೆ ತಿಕ್ಕಿದೆವು, ಹೊಟ್ಟೆ ಅಮುಕಿದೆವು. ಸರಿಯೋ ತಪ್ಪೋ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಕೆಮ್ಮಿದರು. ಎತ್ತಿನ ಗಾಡಿಯಲ್ಲಿ ಮಲಗಿಸಿ ಫಳ್ನೀರಿನ ಕಡೆಯ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಭಾವ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಜೀವಕ್ಕೆ ಭಯವಿಲ್ಲ, ಬಲಗೈಯ ಎರಡು ಬೆರಳು ಇನ್ನು ಮಡಚಲಿಕ್ಕಿಲ್ಲ ಎಂದರು ಡಾಕ್ಟರು.

ಸಂಜೆ ಕಾರ್ಖಾನೆಯ ರೈಟರು ನಮ್ಮಿಬ್ಬರನ್ನೂ ಕರೆಸಿದರು. ಲೆಕ್ಕ, ಆಳು, ಸಾಮಾನು ಎಲ್ಲ ಅವರ ಕೈಯಲ್ಲೇ.

"ಸರಿಯಾಗಿ ಕಂಡದ್ದು ನೀನೊಬ್ಬನೇ," ಎಂದು ನನ್ನನ್ನು ಕೇಳಿದರು. "ಆ ಬ್ಯಾರಿ ಹಸನಬ್ಬ ತಾನಾಗಿ ಕೈ ಹಾಕಿದ್ದಲ್ಲವಾ? ಹಾಗಾದರೆ ಆಸ್ಪತ್ರೆಯ ಖರ್ಚು ಅವನದ್ದು. ಅವನ ದೋಣಿ ಇನ್ನು ಇಲ್ಲಿಗೆ ಬೇಡ."

ಭಾವ ನನ್ನನ್ನು ನೋಡಲಿಲ್ಲ. ನಾನು ಕಂಡಷ್ಟನ್ನು, ಕಂಡ ಕ್ರಮದಲ್ಲೇ ಹೇಳಿದೆ. ಹಸನಬ್ಬ ಕೈ ಹಾಕಿದ್ದು ಹೌದು. ಸ್ವಿಚ್ಚು ಇಳಿಸಿರಲಿಲ್ಲ. ಕಡ್ಡಿಗಳು ಕಂಬದ ಕಡೆಗಿದ್ದವು. ತೂತಿನ ಭಾಗ ಅಲ್ಲಿದ್ದಿದ್ದರೆ ಕೈಗೆ ಕಬ್ಬಿಣದ ಕವಚ ಮಾತ್ರ ಸಿಗುತ್ತಿತ್ತು. ಈ ಕೊನೆಯ ಮಾತು ಹೇಳುವಾಗಲೇ ನನಗೂ ಅದು ಪೂರ್ತಿ ತಿಳಿದದ್ದು.

"ಹಾಗೆ ಯಾಕೆ ಕೂಡಿಸಿದ್ದು?" ರೈಟರು ಭಾವನನ್ನು ಕೇಳಿದರು.

"ಕೊಕ್ಕೆ ದಡದಲ್ಲಿ, ಬಳೆ ದೋಣಿಯಲ್ಲಿ ಅಲ್ಲವಾ," ಎಂದರು ಭಾವ ಮೆಲ್ಲಗೆ. "ಗಾಡಿ ಆಚೀಚೆ ಹೋಗ್ತದೆ, ಕಂಬ ನಿಂತಲ್ಲೇ ಉಂಟು."

"ಕರೆಂಟು ಎಂತ, ನಿನ್ನ ಅಪ್ಪನ ಜಂಗಲವಾ?"

ಆಸ್ಪತ್ರೆಯ ಖರ್ಚನ್ನು ಕಾರ್ಖಾನೆಯೇ ಕೊಡುವುದೆಂದಾಯಿತು. ಭಾವನನ್ನು ಮೋಟಾರಿನಿಂದ ತೆಗೆದು ಮಣ್ಣು ಹೊರುವವರ ಸಾಲಿಗೆ ಹಾಕಿದರು. ಮನೆಯಲ್ಲಿ ಅಕ್ಕ ಎಲ್ಲ ಕೇಳಿ, ನನ್ನ ಬಟ್ಟಲಿಗೆ ಗಂಜಿ ಬಡಿಸಿ, "ನೀನು ಹೇಳಿದ್ದು ಸರಿಯೇ. ಇವತ್ತೊಂದು ದಿನ ನನ್ನ ಹತ್ತಿರ ಮಾತಾಡಬೇಡ," ಎಂದಳು.

ಮರುದಿನ ಬೆಳಿಗ್ಗೆ ಭಾವ ತಾನಾಗಿಯೇ ರೈಟರ ಅಪ್ಪಣೆ ಕೇಳಿ, ಸ್ವಿಚ್ಚುಗಳನ್ನೆಲ್ಲ ಇಳಿಸಿ, ನನ್ನನ್ನು ಅವುಗಳ ಮುಂದೆ ಕಾವಲು ನಿಲ್ಲಿಸಿ, ಉಗ್ರಾಣದ ಹೊಸ ಜೋಡಿಗಳಿಂದ ತೂತಿನ ಭಾಗಗಳನ್ನು ತೆಗೆದು ಎಲ್ಲ ಕಂಬಗಳಿಗೂ, ಕಡ್ಡಿಯ ಭಾಗವನ್ನು ಮೋಟಾರಿಗೂ ಹಾಕಿದರು. ಆಮೇಲೆ ಮಣ್ಣಿನ ಬುಟ್ಟಿ ಎತ್ತಿಕೊಂಡರು. ನಾನು ಊರಿಗೆ ಹೊರಡುವ ಮೊದಲು ಇಬ್ಬರೂ ಆಸ್ಪತ್ರೆಗೆ ಹೋದೆವು. ಭಾವ ಬಾಗಿಲಲ್ಲೇ ನಿಂತರು.

"ಒಳಗೆ ಬನ್ನಿ ಸಂಜೀವಣ್ಣ," ಎಂದರು ಹಸನಬ್ಬ. "ನಿಮ್ಮ ಕೊಕ್ಕೆಗೆ ಒಳ್ಳೆ ಮೀನೇ ಬಿತ್ತು. ಆದರೆ ಮುದಿ ಮೀನು, ಸಾರಿಗೆ ಆಗ್ಲಿಕ್ಕಿಲ್ಲ."

ಭಾವ ನಗಲಿಲ್ಲ. ಹಾಸಿಗೆಯ ಪಕ್ಕ ಕುಳಿತು, ಕಿತ್ತಳೆ ಸುಲಿದು, ಎಸಳೆಸಳಾಗಿ ಅವರ ಎಡಗೈಗೆ ಕೊಡುತ್ತ ಹೋದರು.

ರೈಟರು ಕೊಟ್ಟ ಹೊಸ ಜೋಡಿ ನನ್ನ ಚೀಲದಲ್ಲಿ ಕಲ್ಲಿನ ಹಾಗೆ ಭಾರವಾಗಿತ್ತು. ಕೂಳೂರಿನಲ್ಲಿ ಜಂಗಲ ಬಿಟ್ಟಿತು. ಕೊಕ್ಕೆ ಬಳೆಯಿಂದ ಕಳಚಿ ಕಂಬದಲ್ಲಿ ತೂಗತೊಡಗಿತು. ದಡದಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಅದನ್ನು ಸರಿಸಲು ಕೈ ಚಾಚಿದಳು.

"ಮುಟ್ಟಬೇಡಿ!" ಎಂದು ನೀರಿನ ಮೇಲಿಂದ ಕೂಗಿಬಿಟ್ಟೆ.

ಅವಳು ಕೊಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. "ಯಾಕೆ? ಎಂತ ಉಂಟು ಇದರಲ್ಲಿ?"

ಜಂಗಲದವರೆಲ್ಲ ತಿರುಗಿ ನೋಡಿದರು. ಎಂತ ಇಲ್ಲ ಎಂದೆ. ಅವಳು ಕೊಕ್ಕೆ ಬಿಟ್ಟು ದಂಡೆ ಹತ್ತಿ ಮರೆಯಾಗುವವರೆಗೂ ಅವಳ ಕೈಯನ್ನೇ ನೋಡುತ್ತಿದ್ದೆ.