ಕುಂತೂರಜ್ಜನ ಪಂಚೆ

ಅಗರದ ಶಿವನಂಜಮ್ಮ ಸುಳ್ಳು ಹೇಳುವಾಗ ರೆಪ್ಪೆ ಬಡಿಯುವುದಿಲ್ಲ. ನಿಜ ಹೇಳುವಾಗಲೇ ಅವಳ ನಾಲಿಗೆ ತೊದಲುವುದು.

ಗಂಡ ಚಿನ್ನಸ್ವಾಮಿ ತೀರಿಕೊಂಡಾಗ ಅವನ ಬಟ್ಟೆಯನ್ನೆಲ್ಲ ಮಡಿವಾಳರಿಗೆ ಕೊಟ್ಟುಬಿಡಬೇಕು ಎಂದರು ಹಿರಿಯರು. ಕೊಟ್ಟಳು. ಅಂಗಿ ಕೊಟ್ಟಳು, ಟವೆಲು ಕೊಟ್ಟಳು, ಮದುವೆಗೆ ಹೊಲಿಸಿ ಆಮೇಲೆ ಒಂದು ದಿನವೂ ತೊಡದ ಕೋಟು ಕೊಟ್ಟಳು. ಪಂಚೆ ಎಲ್ಲಿ ಎಂದರೆ ಇಲಿ ಕಡಿದುಹಾಕಿತು ಎಂದಳು. ಪಂಚೆಗಳು ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಬೆಚ್ಚಗೆ ಕೂತಿದ್ದವು. ಪಾಪ, ಇಲಿಗೆ ಬರೀ ಅಪವಾದ ಬಂತು.

ಅದೇ ವರ್ಷ ಮಗಳು ರೂಪ ಹೆರಿಗೆಗೆ ಬಂದಳು. ಗಂಡುಮಗು. ಮೂಗು ತಾತನದೇ. ಕೊಳ್ಳೇಗಾಲದಿಂದ ಬೀಗಿತಿ ಪದ್ಮಿನಿ ಆಟೋ ತುಂಬ ಸಾಮಾನು ತಂದಳು. ಡೈಪರಿನ ಮೂಟೆ, ಪೌಡರು, ಸೋಪು, ಸೊಳ್ಳೆಪರದೆ ಹೊಲಿದ ಹಾಸಿಗೆ, ಸ್ನಾನಕ್ಕೆ ಬಾತುಕೋಳಿ ಆಕಾರದ ಪ್ಲಾಸ್ಟಿಕ್ ತೊಟ್ಟಿ, ಹಾಲಿನ ಬಾಟಲಿ, ಆ ಬಾಟಲಿ ತೊಳೆಯುವುದಕ್ಕೇ ಒಂದು ಬ್ರಷ್ಷು. ಶಿವನಂಜಮ್ಮ ಎಲ್ಲವನ್ನೂ ಹೊಗಳಿ ಒಳಗಿಟ್ಟಳು. ಬೀಗಿತಿ ಅತ್ತ ಹೋದದ್ದೇ ಬಾತುಕೋಳಿಗೆ ಈರುಳ್ಳಿ ತುಂಬಿದಳು. ಮಗುವನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡೇ ನೀರು ಹುಯ್ದಳು.

ಡೈಪರು ಕಟ್ಟಿ ಕಟ್ಟಿ ಕೂಸಿನ ತೊಡೆಸಂದು ಕೆಂಪಾಯಿತು. ಬೀದಿಗೆಲ್ಲ ಕೇಳುವಂತೆ ಅತ್ತಿತು. ಆಗ ಶಿವನಂಜಮ್ಮ ವಾಡೆಗೆ ಕೈ ಹಾಕಿದಳು. ಕಬ್ಬಿನ ಗದ್ದೆಯ ಬೆವರು ಕುಡಿದು, ಒಗೆಯುವ ಕಲ್ಲಿನ ಏಟು ತಿಂದು ಬೆಣ್ಣೆಯಂತಾಗಿದ್ದ ಪಂಚೆ. ಹರಿದು ಚೌಕ ಮಾಡಿದಳು. ಹರಿಯುವಾಗ ಅತ್ತಳು. ಮೂಗನ್ನೂ ಅದರಲ್ಲೇ ಒರೆಸಿಕೊಂಡು, ಆ ತುಂಡನ್ನು ಮೊದಲು ಒಗೆದುಹಾಕಿದಳು. ಮಗು ನಿದ್ದೆ ಮಾಡಿತು. ಮಳೆ ಹಿಡಿದ ದಿನಗಳಲ್ಲಿ ಕೆಂಡದ ಮೇಲೆ ಬಿದಿರಿನ ಮಂಕರಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ, ಸಾಂಬ್ರಾಣಿ ಹೊಗೆಯಲ್ಲಿ ಒಣಗಿಸಿದಳು. ಒಂದು ಪಂಚೆಯನ್ನು ಮಾತ್ರ ಹರಿಯಲಿಲ್ಲ. ಅದು ಅವಳ ತಲೆದಿಂಬಿನ ಕೆಳಗಿತ್ತು.

ಮುಂದಿನ ಸಲ ಬಂದ ಪದ್ಮಿನಿ ಆ ಬಟ್ಟೆಗಳನ್ನು ನೋಡಿ ಯಾರವು ಎಂದು ಕೇಳಿದಳು. ಸತ್ತವರ ಬಟ್ಟೆ ಮಕ್ಕಳಿಗೆ ಸೋಕಬಾರದು ಎನ್ನುವ ಪೈಕಿ ಅವಳು. ನಿಜ ಗೊತ್ತಾದರೆ ಎಲ್ಲವೂ ತಿಪ್ಪೆಗೆ.

"ಕುಂತೂರ್ ಕೆಂಚಯ್ಯಜ್ಜಂದು ಕಣವ್ವ," ಎಂದಳು ಶಿವನಂಜಮ್ಮ. "ತೊಂಬತ್ತು ದಾಟ್ಬುಟ್ಟದೆ, ಇನ್ನೂವೆ ಕಬ್ಬ ಹಲ್ಲಲ್ಲೇ ಸಿಗೀತದೆ. ಅಂತೋರ್ ಬಟ್ಟೆ ಸೋಕುದ್ರೆ ಕೂಸ್ಗೆ ಆಯಸ್ಸು."

ಪದ್ಮಿನಿ ಉಚ್ಚೆಬಟ್ಟೆಗಳನ್ನು ಕಣ್ಣಿಗೊತ್ತಿಕೊಂಡಳು. ಕೊಳ್ಳೇಗಾಲಕ್ಕೆ ಹೋಗಿ ಬೀದಿಗೆಲ್ಲ ಹೇಳಿದಳು. ಬಸುರಿ ಸೊಸೆಯರಿದ್ದ ಮನೆಯವರು ತಮಗೂ ಒಂದು ತುಂಡು ಬೇಕು ಎಂದರು. ಸಾಲದ್ದಕ್ಕೆ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಮಾದು ಎಂಬುವನ ಕೈಲಿ ಅಜ್ಜನಿಗೆ ಒಂದು ಗೊನೆ ಬಾಳೆಹಣ್ಣು ಕಳಿಸಿ, ಅಗರದ ಮೊಮ್ಮಗನ ಲೆಕ್ಕದಲ್ಲಿ ಎಂದು ಹೇಳಿಸಿದಳು. ಅದೊಂದು ಶಿವನಂಜಮ್ಮನ ಕಿವಿಗೆ ಬೀಳಲಿಲ್ಲ.

ಐದನೇ ತಿಂಗಳಲ್ಲಿ ಬಾಣಂತಿಯನ್ನು ಕರೆದೊಯ್ಯಲು ಪದ್ಮಿನಿ ಬಂದಳು. ಡೈಪರನ್ನು ಮೂಲೆಗೆ ತಳ್ಳಿ, ಒಂದೂ ಬಿಡದಂತೆ ಚೌಕಗಳನ್ನು ಚೀಲಕ್ಕೆ ತುಂಬಿದಳು. ಹುಡುಕುತ್ತ ಹುಡುಕುತ್ತ ತಲೆದಿಂಬು ಎತ್ತಿದಳು. ಇಡೀ ಪಂಚೆ ಸಿಕ್ಕಿತು. ಅಜ್ಜನದೇ ತಾನೇ ಎಂದು ಅದನ್ನೂ ಮಡಿಚತೊಡಗಿದಳು.

ಶಿವನಂಜಮ್ಮ ಲೆಕ್ಕ ಹಾಕಿದಳು. ಗಂಡನದು ಎಂದರೆ ಚೀಲವೆಲ್ಲ ತಿಪ್ಪೆಗೆ ಹೋಗುತ್ತದೆ. ಸುಮ್ಮನಿದ್ದರೆ ಇದು ಹೋಗುತ್ತದೆ. ಬಾಯಿಗೆ ಬಂದದ್ದು ಆಡಿಬಿಟ್ಟಳು.

"ಅಜ್ಜ ಇವತ್ ಬೆಳಗ್ಗೆ ತೀರ್ಕತ್ತು ಕಣವ್ವ."

ಪದ್ಮಿನಿ ಕೆಂಡ ಮುಟ್ಟಿದವಳಂತೆ ಪಂಚೆ ಬಿಟ್ಟಳು. ಬಿಟ್ಟವಳು ಅಷ್ಟಕ್ಕೇ ನಿಲ್ಲಲಿಲ್ಲ, ಚೀಲವನ್ನೂ ಬೋರಲು ಹಾಕಿದಳು. ಶಿವನಂಜಮ್ಮ ಇದನ್ನು ಯೋಚಿಸಿರಲಿಲ್ಲ. ಬದುಕಿದ್ದಾಗ ಕೊಟ್ಟದ್ದಕ್ಕೆ ದೋಷವಿಲ್ಲ ಎಂದು ಏನೇನೋ ಹೇಳಿ ನೋಡಿದಳು. ಪದ್ಮಿನಿ ಕಿವಿಗೊಡದೆ ಕೈ ತೊಳೆಯಲು ನೀರು ಕೇಳಿದಳು.

ಅಷ್ಟರಲ್ಲಿ ಬಾಗಿಲಿಗೆ ಟ್ರ್ಯಾಕ್ಟರ್ ಬಂತು. ಕೆಂಚಯ್ಯಜ್ಜ ಮಾದುವಿನ ಭುಜ ಹಿಡಿದು ಇಳಿದ. ಖಾಕಿ ಚಡ್ಡಿ, ಬಾಯಲ್ಲಿ ಕಬ್ಬಿನ ಸಿಪ್ಪೆ.

"ಬಾಳೆಹಣ್ ಕಳ್ಸಿದ್ ಮೊಮ್ಮಗ ಯಾವನವ್ವ? ನೋಡ್ಕ ಓಗನ ಅಂತ ಬಂದಿ. ಹಲ್ಲಿರೋನ್ಗೆ ಬಾಳೆಹಣ್ ಯಾಕ್ ಕಳ್ಸ್ದ ಅವ್ನು?"

ತೀರಿಕೊಂಡಿರಿ ಅಂದರಲ್ಲ, ಎಂದು ಪದ್ಮಿನಿ ಬಾಯಿ ಬಿಟ್ಟಳು. ಆಮೇಲೆ ಅವನ ಚಡ್ಡಿ ನೋಡಿದಳು. ಈ ಪಂಚೆಗಳು ನಿಮ್ಮವೇ ತಾನೇ ಎಂದು ಕೇಳಿದಳು.

"ಪಂಚೆಯಾ? ನಾ ಉಟ್ಟೋನೇ ಅಲ್ಲ ಕಣವ್ವ. ಕಾಲ್ಗೆ ತೊಡರ್ತದೆ."

ಹಾಗಾದರೆ ಇವು ಯಾರವು? ಶಿವನಂಜಮ್ಮನ ನಾಲಿಗೆ ತೊದಲಿತು. ರೂಪ ತಲೆ ಎತ್ತದೆ ಹೇಳಿದಳು: "ಅಪ್ಪನ್ವು, ಅತ್ತೆ."

ಮಗು ನೆಲಕ್ಕೆ ಚೆಲ್ಲಿದ್ದ ಬಟ್ಟೆಯೊಂದರ ತುದಿ ಹಿಡಿದು ಚೀಪುತ್ತಿತ್ತು. ಪದ್ಮಿನಿ ಅದರ ಕೆನ್ನೆ ನೋಡಿದಳು, ತೊಡೆ ನೋಡಿದಳು. ಐದು ತಿಂಗಳಲ್ಲಿ ಒಂದು ಶೀತವಿಲ್ಲ. ಕೊಳ್ಳೇಗಾಲದ ಬೀದಿಗೆಲ್ಲ ಈಗ ಏನೆಂದು ಹೇಳುವುದು? ಬಗ್ಗಿ, ಒಂದೊಂದೇ ಚೌಕ ಎತ್ತಿ ಚೀಲಕ್ಕೆ ಹಾಕಿದಳು.

"ಅಜ್ಜ, ಇವು ನಿಮ್ಮವೇ. ಯಾರ್ ಕೇಳುದ್ರೂ ಊ ಅನ್ನಿ."

"ಊ ಅಂತೀನಿ. ಆದ್ರೆ ನನ್ನ ಸಾಯ್ಸಿದ್ ಯಾರು, ಅದೇಳಿ."

ಅಜ್ಜನಿಗೆ ಬೇಗ ಬೇಗ ಕಾಫಿ ಕೊಟ್ಟರು.

ನೆಲದ ಮೇಲೆ ಇಡೀ ಪಂಚೆ ಉಳಿದಿತ್ತು. ಇಬ್ಬರೂ ಒಟ್ಟಿಗೇ ಕೈ ಹಾಕಿದರು. ಯಾರೂ ಜೋರಾಗಿ ಎಳೆಯಲೂ ಇಲ್ಲ. ನವೆದ ನೂಲು, ಪರ್ ಎಂದು ಎರಡಾಯಿತು. ಶಿವನಂಜಮ್ಮ ಸ್ವಲ್ಪ ಹೊತ್ತು ತನ್ನ ತುಂಡನ್ನು ಮೂಗಿಗೆ ಹಿಡಿದು ನಿಂತಳು. ಆಮೇಲೆ ಬೀಗಿತಿಯ ಕೈಲಿದ್ದದ್ದನ್ನು ನೋಡಿದಳು. ಅದು ದೊಡ್ಡದಿತ್ತು. ಕಿತ್ತುಕೊಂಡು, ತನ್ನದನ್ನು ಅವಳ ಚೀಲಕ್ಕೆ ತುರುಕಿದಳು.

"ಕೂಸು ಚಿಕ್ಕದು ಕಣವ್ವ," ಎಂದಳು. "ಅದ್ಕೆ ಚಿಕ್ಕ ತುಂಡೇ ಸಾಕು."