ಮಷೀನು ಕಂಡ ಆಯಿ

ಕುರಿಗಾರರ ಮನೆತನಗಳ ಬಗ್ಗೆ ಬರೆದುಕೊಂಡ ಮಾತುಗಳನ್ನೆಲ್ಲ ಸೊಲ್ಲಾಪುರದ ನನ್ನ ಖೋಲಿಯಲ್ಲಿ ಕೂತು ಎಐಗೆ ಕೊಟ್ಟು ವಂಶವೃಕ್ಷ ಮಾಡಿಸಿದೆ. ವಳಸಂಗದ ನಿಂಗವ್ವಜ್ಜಿಯನ್ನು ಅದು ಮೊಮ್ಮಗನಿಗೂ ತಾಯಿ ಮಾಡಿಬಿಟ್ಟಿತು. ಆ ಹುಡುಗ ಅಜ್ಜಿಯನ್ನು ನಮ್ಮ ಕಡೆಯ ಕನ್ನಡದ ರೂಢಿಯಂತೆ ‘ಆಯಿ’ ಅಂದಿದ್ದ. ಎಐ ಅದನ್ನು ಮರಾಠಿ ಅಂದುಕೊಂಡಿತ್ತು. ಮರಾಠಿಯಲ್ಲಿ ಆಯಿ ಅಂದರೆ ತಾಯಿ.

ಅವರ ಮನೆಗೆ ಹೋಗಿ ಓದಿ ಹೇಳಿದೆ. ಅಜ್ಜಿ ನಕ್ಕಳು. “ಖರೇನ ಬರದೈತಿ ಬಿಡ್ರಿ. ಅವನ್ನ ಜ್ವಾಕಿ ಮಾಡಿದಾಕಿ ನಾನಲ್ಲೇನು?”

ರೊಟ್ಟಿ ಬಡಿಯುತ್ತಿದ್ದ ಸೊಸೆ ಸುರೇಖಾಳ ಕೈ ನಿಂತಿತು. “ಹಡದಾಕಿ ನಾ ಇಲ್ಲೇ ಕುಂತೀನ್ರಿ ಸರ. ಆ ಮಷೀನಿಗೂ ನಮ್ಮತ್ತಿ ಒಬ್ಬಾಕೀನ ಕಂಡಳೇನು?”

ಅಲ್ಲೇ ತಿದ್ದಿ ತೋರಿಸಿದೆ. ಮರಾಠಿ ಶಾಲೆಯಲ್ಲಿ ಕಲಿತ ಸುರೇಖಾಳಿಗೆ ಕನ್ನಡ ಓದಲು ಬರುವುದಿಲ್ಲ, ಮರಾಠಿಯಲ್ಲಿ ಬೇಕೆಂದಳು. ಹಾಗೇ ಮಾಡಿದೆ: ‘ಸುರೇಖಾ, ಆಯಿ.’ ಆಮೇಲೆಯೇ ನನ್ನ ತಾಟಿಗೆ ರೊಟ್ಟಿ ಬಿತ್ತು.