ಕಾಲರ್ ಮಂಚಮ್ಮ

ಸೋಸಲೆ ಬಸ್ ನಿಲ್ದಾಣದಲ್ಲಿ ಪೇಪರು ಕೊಂಡು ಕಾರು ಹತ್ತಲು ಹೋದ ಶ್ರೀನಿವಾಸ ಮೇಷ್ಟರ ಕೈಯಿಂದ ಬೀಗದ ಕೈ ಜಾರಿತು. ಬಗ್ಗಿದರು. ಪ್ಯಾಂಟು ಹಿಂದುಗಡೆ ಪರ್ರೆಂದಿತು. ಐವತ್ತೆರಡು ವರ್ಷದ ಹೊಟ್ಟೆಗೆ ನಲವತ್ತರಲ್ಲಿ ಹೊಲಿಸಿದ ಪ್ಯಾಂಟು ಎಷ್ಟು ದಿನ ಅಂತ ಮರ್ಯಾದೆ ಕಾಪಾಡೀತು? ಹಿಂದೆ ನಿಂತಿದ್ದವಳು ಮಂಚಮ್ಮ ಒಬ್ಬಳೇ. ಅವಳು ದೊಡ್ಡ ಮನಸ್ಸು ಮಾಡಿ ಅರಳಿಮರ ನೋಡುತ್ತಿದ್ದಳು.

“ಇದಕ್ಕೇನಾದರೂ ದಾರಿ ಇದೆಯೇನಮ್ಮ? ಗಾರ್ಮೆಂಟ್ಸಿನವಳಲ್ವಾ ನೀನು?”

“ನಾನು ಕಾಲರ್ ಸಾ.”

ನಂಜನಗೂಡಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವಳು ಅಮೆರಿಕಕ್ಕೆ ಹೋಗುವ ಅಂಗಿಗಳ ಕಾಲರ್ ಹೊಲಿಯುತ್ತಿದ್ದಳು. ತೋಳು ಇನ್ನೊಬ್ಬಳದು, ಗುಂಡಿ ಮತ್ತೊಬ್ಬಳದು. ಇಡೀ ಅಂಗಿ ಹೊಲಿದು ಗೊತ್ತಿಲ್ಲ. ಊರ ಹೆಂಗಸರು ರವಿಕೆ ಬಟ್ಟೆ ತಂದರೆ, “ಕಾಲರ್ ಬೇಕಾ?” ಅನ್ನುವಳು.

ಮರ ನೋಡುತ್ತಲೇ ಬಳೆಯಿಂದ ಪಿನ್ನು ಬಿಚ್ಚಿ ಚಾಚಿದಳು. ಮೇಷ್ಟರು ಕಾರಿನ ಮರೆಗೆ ಹೋಗಿ ಅಂದಾಜಿನಲ್ಲಿ ಚುಚ್ಚಿಕೊಂಡರು.

“ನಿಮ್ಮ ಕಾರ್ಖಾನೆ ವ್ಯಾನ್ ಇನ್ನೂ ಬಂದಿಲ್ವೇ?”

“ಸೋಮಾರದಿಂದ ಇಲ್ಲ ಸಾ. ಆರ್ಡರ್ ನಿಂತೋಗಿ ವ್ಯಾನಿನ ಅದ್ನೆಂಟು ಜನದಲ್ಲಿ ನಾನೊಬ್ಳೇ ಉಳ್ಕಂಡೆ. ಒಬ್ಳಿಗೆ ಡೀಸೆಲ್ ಗಿಟ್ಟಲ್ಲ ಅಂತ ಡ್ರೈವರ್ ಮಾದೇಶಣ್ಣ ಸೀಟ್ ಕಿತ್ತಾಕಿ ಕೋಳಿ ಸಾಗಿಸ್ತಾವ್ನೆ. ಬಸ್ಸು ಅಲ್ಲಿಗೆ ಓಗದೇ ಒಂಬತ್ತೂ ಅತ್ತಕ್ಕೆ, ಗೇಟು ಒಂಬತ್ಗೆ ಮುಚ್ತರೆ. ಮೂರ್ ದಿನ ತಪ್ಪುದ್ರೆ ನಾನೇ ಕೆಲ್ಸ ಬುಟ್ಟೆ ಅಂತ ಬರ್ಕತರೆ. ಆಗ್ಲೇ ಎಳ್ಡ್ ದಿನ ಆಗೋಗದೆ.”

ಮೇಷ್ಟರ ಶಾಲೆ ಇರುವುದೂ ನಂಜನಗೂಡಿನಲ್ಲೇ. ಏಳು ವರ್ಷದಿಂದ ಖಾಲಿ ಸೀಟುಗಳನ್ನು ದಿನಾ ಅಲ್ಲಿಗೆ ಹೊತ್ತೊಯ್ದು, ಸಂಜೆ ಜೋಪಾನವಾಗಿ ವಾಪಸ್ ತರುತ್ತಿದ್ದರು. ಇವತ್ತು ಬಾಗಿಲು ತೆಗೆದರು.

ಟಿ. ನರಸೀಪುರ ದಾಟುತ್ತಲೇ ಪಾಠ ಶುರುವಾಯಿತು. “ನಾವು ರಷ್ಯಾದ ಎಣ್ಣೆ ಕೊಂಡ್ವಿ ಅಂತ ಅಮೆರಿಕಕ್ಕೆ ಸಿಟ್ಟು. ನಮ್ಮಿಂದ ಹೋಗೋ ಮಾಲಿಗೆ ನೂರಕ್ಕೆ ಐವತ್ತು ತೆರಿಗೆ...” ರಸ್ತೆಯಲ್ಲಿ ಹಂಪು ಬಂತು. ಪಿನ್ನು ಚುಚ್ಚಿತು. ಪಾಠ ನಿಂತಿತು.

“ಎಣ್ಣೆಗೂ ಕಾಲರ್‌ಗೂ ಏನ್ ಸಾ ಸಂಬಂಧ?”

ಮುಂದಿನ ಹಂಪು ಮೇಷ್ಟರ ಮಾನ ಉಳಿಸಿತು.

“ಒಳಗೆ ಕೆಲಸವಾದರೂ ಇದೆಯಾ?”

“ಮಿಷಿನ್‌ಗೆ ಬಟ್ಟೆ ಮುಚ್ಚವ್ರೆ. ಅದರ ಮುಂದೆ ಕೈ ಕಟ್ಕಂಡು ಕುಂತ್ಕತೀನಿ. ಪರಿಹಾರ ಕೊಡ್ಬೇಕಾಯ್ತದೆ ಅಂತ ಅವ್ರು ಓಗು ಅನ್ನಲ್ಲ, ನಾನು ಓಯ್ತೀನಿ ಅನ್ನಲ್ಲ.”

ಹೋಗುವುದಾದರೂ ಎಲ್ಲಿಗೆ? ಮತ್ತೆ ಆರ್ಡರ್ ಬಂದರೆ ಬಿಟ್ಟುಹೋದವಳನ್ನು ಕಾರ್ಖಾನೆಯವರು ಕರೆಯುವುದಿಲ್ಲ. ಕಾಲರ್ ಒಂದೇ ಬಲ್ಲವಳನ್ನು ಬೇರೆಯವರು ಯಾಕೆ ಕರೆದಾರು?

ಎಂಟೂ ಐವತ್ತೆಂಟಕ್ಕೆ ಗೇಟಿನ ಮುಂದೆ ಕಾರು ನಿಂತಿತು. ಕಾವಲಿನವನು ಆಗಲೇ ಗೇಟನ್ನು ಅರ್ಧ ಎಳೆದಿದ್ದ. ಮಂಚಮ್ಮ ಊಟದ ಡಬ್ಬಿ ಹಿಡಿದು ಇಳಿದಳು. ಇಳಿಯುವ ಸ್ಥಿತಿಯಲ್ಲಿಲ್ಲದ ಮೇಷ್ಟರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ನಾಳೆ ಹೇಗಮ್ಮ ಬರ್ತೀಯ?”

ಮಂಚಮ್ಮ ಗೇಟಿನ ಸಂದಿಯಲ್ಲಿ ಒಂದು ಕಾಲಿಟ್ಟು ತಿರುಗಿದಳು.

“ಅದೇ ಪ್ಯಾಂಟ್ ಆಕ್ಕಂಡ್ ಬನ್ನಿ ಸಾ, ಪಿನ್ನು ಮಡೀಕಂಡಿರ್ತೀನಿ.”